ಅಜ್ಜನ ಗ್ಲಾಸು ಕೂರುವ ತೂತು

ಹದಿನೇಳನೇ ವಯಸ್ಸಿಗೆ ಮನುಷ್ಯ ಎಷ್ಟು ದಣಿಯಬಹುದು ಎಂದು ಯಾರಾದರೂ ಸ್ಪರ್ಧೆ ಇಟ್ಟಿದ್ದರೆ ನಾನು ಕೂತಲ್ಲೇ ಪದಕ ಗೆಲ್ಲುತ್ತಿದ್ದೆ. ಎದ್ದುಹೋಗಿ ಅದನ್ನು ಇಸಿದುಕೊಳ್ಳುವ ಶಕ್ತಿ ಮಾತ್ರ ಇರುತ್ತಿರಲಿಲ್ಲ. ನಾರಾಯಣಗೂಡದ ಕೋಚಿಂಗ್ ಸೆಂಟರ್ ಬೆಳಿಗ್ಗೆ ಏಳಕ್ಕೆ ನನ್ನನ್ನು ನುಂಗಿ ಸಂಜೆ ಆರಕ್ಕೆ ಉಗುಳುತ್ತಿತ್ತು. ಅದಕ್ಕೂ ಮುಂಚೆ ಐದಕ್ಕೆ ಎದ್ದು ಅಜ್ಜನ ಡೆಸ್ಕಿನ ಮುಂದೆ ಓದಬೇಕು. ಅಡುಗೆಮನೆಯಲ್ಲಿ ಅವ್ವ ಹಾಳೆ ತಿರುವುವ ಸಪ್ಪಳಕ್ಕೆ ಕಿವಿಗೊಟ್ಟಿರುತ್ತಾಳೆ. ಸಪ್ಪಳ ನಿಂತರೆ ಅವಳ ಬಾಯಿ ಶುರು.

ಆ ಡೆಸ್ಕು ಸಾಗವಾನಿಯದು. ಅಜ್ಜ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಹರಾಜಿನಲ್ಲಿ ತಂದದ್ದು. ನಾಲ್ಕು ಜನ ಹೊತ್ತರೂ ಅಲ್ಲಾಡುವುದಿಲ್ಲ, ಐದನೆಯವನು ಬಂದರೆ ನಾಲ್ವರೂ ಬಿಟ್ಟು ಓಡುತ್ತಾರೆ. ಅದರ ಬಲಮೂಲೆಯಲ್ಲಿ ಶಾಯಿ ದೌತಿ ಇಡಲೆಂದು ಕೊರೆದ ಒಂದು ತೂತಿದೆ. ದೌತಿ ಯಾವತ್ತೋ ಹೋಯಿತು. ಈಗ ಅಲ್ಲಿ ಅಜ್ಜನ ಸ್ಟೀಲ್ ಗ್ಲಾಸು ಸೊಂಟದವರೆಗೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಅಜ್ಜನ ಕೈ ಎರಡು ವರ್ಷದಿಂದ ನಡುಗುತ್ತದೆ. ಬೇರೆಲ್ಲಿಟ್ಟರೂ ಗ್ಲಾಸು ಉರುಳುತ್ತದೆ. ಇಲ್ಲಿ ಮಾತ್ರ ಅವನು ಬಗ್ಗಿ, ಸ್ಟ್ರಾ ಹಾಕಿಕೊಂಡು, ಯಾರ ಕೈಯನ್ನೂ ಕೇಳದೆ ನೀರು ಕುಡಿಯುತ್ತಾನೆ.

ತೊಂದರೆ ಶುರುವಾದದ್ದು ನನ್ನ ಹೊಸ ಟೇಬಲ್ ಲ್ಯಾಂಪಿನಿಂದ. ಪ್ಲಗ್ ಪಾಯಿಂಟು ಡೆಸ್ಕಿನ ಕೆಳಗೆ. ಡೆಸ್ಕಿನ ಮೂರೂ ಕಡೆ ಕಟ್ಟೆಯಂಥ ಹಲಗೆ ಇರುವುದರಿಂದ ವೈರು ಮುಂದಿನಿಂದಲೇ ಇಳಿಯಬೇಕು. ಒಂದು ಬೆಳಿಗ್ಗೆ ಅಜ್ಜನ ಕಾಲು ಅದಕ್ಕೆ ಸಿಕ್ಕಿತು. ಬಾಗಿಲು ಹಿಡಿದು ಬಚಾವಾದ. ಅವತ್ತೇ ಅಪ್ಪ ತೀರ್ಪು ಕೊಟ್ಟ:

"ವೈರ್ ಆ ತೂತಿನಾಗ ಇಳಿಸೋದ. ಡಬ್ಬಿಯಂಥಾ ದೊಡ್ಡ ಪ್ಲಗ್ ಐತಿ, ಹಿಡಿಸೂದಿಲ್ಲ, ತೂತ ದೊಡ್ಡದ ಮಾಡಬೇಕ."

"ಬ್ಯಾರೆ ಕಡೆ ಹೊಸಾದ ಹಾಕ್ರಿ," ಎಂದಳು ಅವ್ವ.

"ಬ್ಯಾರೆ ಕಡೆ ಕೆಳಗ ಎಲ್ಲಾ ಡ್ರಾವರ್ ಐತಿ."

"ತೂತ ದೊಡ್ಡದಾದ್ರ ಗ್ಲಾಸ್ ನಿಲ್ಲೂದಿಲ್ಲ. ಹಂಗಾರ ಮಾವಾರು ನೀರ ಎಲ್ಲಿ ಕುಡೀಬೇಕು?"

"ಕೈಯಾಗ ಹಿಡಕೊಂಡ ಕುಡೀತೀನಿ ಬಿಡವಾ," ಎಂದ ಅಜ್ಜ. "ನಾ ಏನ್ ಕೂಸೇನು? ಹುಡುಗಿ ಓದ ಮುಖ್ಯ."

ಓದು ಮುಖ್ಯವಾಗಿದ್ದ ಆ ಹುಡುಗಿ, ಅಂದರೆ ನಾನು, ಸಪ್ಪಳ ಮಾಡಿ ಒಂದು ಹಾಳೆ ತಿರುವಿದೆ. ಲ್ಯಾಂಪು ಬೇಡವೆಂದರೆ ಟ್ಯೂಬ್‌ಲೈಟಿನ ಕೆಳಗೆ, ಅಡುಗೆಮನೆಯ ಎದುರಿಗೇ ಕೂರಬೇಕಾಗುತ್ತಿತ್ತು. ಅಲ್ಲಿ ತೂಕಡಿಸುವುದು ಕಷ್ಟ.

ಗಲ್ಲಿಯ ಬಡಿಗ ಬಂದು ನೋಡಿ, "ಬೀಚ್ ಮೇ ಲಕ್ಡೀಚ್ ನೈ ಅಮ್ಮಾ, ಬರ್ಮಾ ಕಾಂ ಪಕಡ್ತಾ?" ಎಂದು ಹೊರಟುಹೋದ. ನಡುವೆ ಕಟ್ಟಿಗೆಯೇ ಇಲ್ಲದಿದ್ದರೆ ಬರ್ಮಾ ಎಲ್ಲಿ ಹಿಡಿಯಬೇಕು ಎಂದು ಅವನು ಕೇಳಿದ್ದು ನಿಜ. ತೂತು ಕೊರೆಯುವ ಗುಂಡು ಗರಗಸವೆಂದರೆ ಬಾಯಿಗೆ ಹಲ್ಲು ಮೂಡಿದ ಬಟ್ಟಲು. ಅದರ ನಡುವಿನ ಮೊಳೆಯಂಥ ಬರ್ಮಾ ಮೊದಲು ಕಟ್ಟಿಗೆಯನ್ನು ಕಚ್ಚಬೇಕು, ಆಮೇಲೆ ಬಟ್ಟಲು ತಿರುಗಬೇಕು. ಮೊದಲೇ ತೂತಿದ್ದರೆ ಬರ್ಮಾ ಗಾಳಿಯನ್ನು ಕಚ್ಚುತ್ತದೆ, ಬಟ್ಟಲು ಡೆಸ್ಕಿನ ತುಂಬ ಕುಣಿಯುತ್ತದೆ.

ನಾಚಾರಂನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಅಪ್ಪನಿಗೆ ಇದರ ಉಪಾಯ ಗೊತ್ತಿತ್ತು. ಡ್ರಿಲ್ ಮಷಿನ್ ಮನೆಗೆ ತಂದ. ಪ್ಲೈವುಡ್ ತುಂಡಿನಲ್ಲಿ ಬೇಕಾದಷ್ಟು ದೊಡ್ಡ ತೂತು ಕೊರೆದು, ಅದನ್ನು ಹಳೇ ತೂತಿನ ಮೇಲೆ ಸರಿಯಾಗಿ ಕೂರಿಸಿ ಕ್ಲ್ಯಾಂಪ್ ಹಾಕಿದರೆ ಗರಗಸ ಅದರೊಳಗೇ ತಿರುಗುತ್ತದೆ, ಎಲ್ಲೂ ಜಾರುವುದಿಲ್ಲ. ಮೊದಲು, ತೂತಿದ್ದ ಬೇರೊಂದು ಹಳೇ ಹಲಗೆಯ ಮೇಲೆ ಮಾಡಿ ತೋರಿಸಿದ. ಹಳೇ ತೂತಿನ ಸುತ್ತಲಿನ ಕಟ್ಟಿಗೆ ಬಳೆಯಾಗಿ ಕಳಚಿ ಗರಗಸದ ಬಟ್ಟಲಲ್ಲಿ ಸಿಕ್ಕಿಕೊಂಡಿತು. ಕಾರ್ಖಾನೆಯ ಪದ್ಧತಿಯಂತೆ ಅಪ್ಪ ಬಟ್ಟಲಿನ ಬದಿಯ ಕಂಡಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಒಂದು ಏಟು ಹಾಕಿದ. ಬಳೆ ಎರಡು ತುಂಡಾಗಿ ಹಾರಿತು. ಅಜ್ಜ ಆ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಮುದುಕರು ಏನೇನೋ ಆರಿಸಿಕೊಳ್ಳುತ್ತಾರೆ ಅಂದುಕೊಂಡೆ.

"ನಾಳೆ ಡೆಸ್ಕಿಗೆ ಹಾಕೋಣು," ಎಂದ ಅಪ್ಪ.

ಆದರೆ ನಾಳೆ ಖಂಡೇನವಮಿ, ಆಯುಧಪೂಜೆಯ ದಿನ ಎಂಬುದು ಅವನಿಗೆ ಮರೆತೇಹೋಗಿತ್ತು. ಬೆಳಿಗ್ಗೆ ಏಳುವಷ್ಟರಲ್ಲಿ ಡ್ರಿಲ್ಲು, ಗರಗಸ, ಇಳಿಗೆಮಣೆ, ಕತ್ತರಿ, ಕೊನೆಗೆ ನನ್ನ ಕೈವಾರವೂ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ಕೆಳಗೆ ಕೂತಿದ್ದವು. ಪಕ್ಕದಲ್ಲಿ ನನ್ನ ಪುಸ್ತಕಗಳೆಲ್ಲ. ಮರುದಿನ ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಮುಗಿಯುವವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ.

"ಏ, ಮಷಿನ್ ಬೇಕಿತ್ತಲ್ಲ!" ಎಂದ ಅಪ್ಪ.

"ದೇವರ ಮುಂದಿಂದ ಎಬ್ಬಿಸ್ತೀರೇನ್ರಿ? ಎಬ್ಬಸ್ರಿ ನೋಡೋಣ," ಎಂದಳು ಅವ್ವ. ಅಪ್ಪ ಪೇಪರ್ ಬಿಡಿಸಿದ.

ನನಗಂತೂ ದೇವರೇ ರಜೆ ಮಂಜೂರು ಮಾಡಿದಂತಾಯಿತು. ಓದೆಂದು ಹೇಳುವ ಧೈರ್ಯ ಅವ್ವನಿಗೂ ಇಲ್ಲ. ದೀವಾನಿನ ಮೇಲೆ ಹೆಣದ ಹಾಗೆ ಬಿದ್ದುಕೊಂಡೆ. ಮಧ್ಯಾಹ್ನ ಅರೆಗಣ್ಣು ಬಿಟ್ಟಾಗ ಅಜ್ಜ ಗೋಡೆಗೆ ಮುಖ ಮಾಡಿ ಕೂತಿದ್ದ. ಎರಡೂ ಕೈಯಲ್ಲಿ ಗ್ಲಾಸು ಹಿಡಿದು ನೀರು ಕುಡಿಯುವ ಪ್ರಾಕ್ಟೀಸು ನಡೆಸಿದ್ದ. ಅರ್ಧ ನೀರು ಧೋತರದ ಮೇಲೆ. ಆಮೇಲೆ ಡೆಸ್ಕಿನ ಮೇಲೆ ಗ್ಲಾಸಿಟ್ಟು, ಜೇಬಿನಿಂದ ಆ ಎರಡು ತುಂಡುಗಳನ್ನು ತೆಗೆದು ಅದರ ಸುತ್ತ ಜೋಡಿಸಿದ. ನಡುಗುವ ಕೈ ತಾಗಿ ಅವು ಸರಿದವು. ಮತ್ತೆ ಜೋಡಿಸಿದ. ಮತ್ತೆ ಸರಿದವು.

ನನ್ನ ನಿದ್ದೆ ಅಲ್ಲಿಗೆ ಮುಗಿಯಿತು. ಇಡೀ ವರ್ಷದಲ್ಲಿ ಸಿಕ್ಕ ಒಂದೇ ಒಂದು ಕಾಯಿದೆಬದ್ಧ ನಿದ್ದೆ!

ಮರುದಿನ ಸಂಜೆ ಬನ್ನಿ ಎಲೆ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು," ಎನ್ನುತ್ತಲೇ ಅಪ್ಪ ಮಷಿನ್ನಿಗೆ ಕೈ ಹಾಕಿದ. ಡೆಸ್ಕಿಗೆ ಟೇಪು ಅಂಟಿಸಿದೆವು, ಕೆಳಗೆ ಸೀಳು ಬರದಂತೆ ಒಂದು ಹಲಗೆ ಒತ್ತಿದೆವು, ಮೇಲೆ ಪ್ಲೈವುಡ್ಡು ಬಿಗಿದೆವು. ಗರಗಸ ತಿರುಗಿತು. ಸಾಗವಾನಿಯ ವಾಸನೆ ಮನೆತುಂಬ. ಅಜ್ಜ ನೋಡಲಿಲ್ಲ, ಕಿಟಕಿ ನೋಡುತ್ತಿದ್ದ. ಡೆಸ್ಕಿಗೆ ಒಂದು ಗೀರೂ ಬೀಳದೆ ಬಳೆ ಕಳಚಿ ಬಟ್ಟಲಲ್ಲಿ ಕೂತಿತು. ಅಪ್ಪ ಸ್ಕ್ರೂಡ್ರೈವರ್ ಎತ್ತಿದ.

"ಅಪ್ಪಾ, ಬಡೀಬ್ಯಾಡ! ಅದ ಬೇಕು!"

"ಕಸಾ ಅದು. ಏನ್ ಮಾಡ್ತಿ?"

"ಅಜ್ಜನ ಗ್ಲಾಸ್ ಕೂಡಸ್ತೀನಿ."

ಅಪ್ಪ ಅಜ್ಜನ ಬೆನ್ನು ನೋಡಿದ. ಸ್ಕ್ರೂಡ್ರೈವರ್ ಕೆಳಗಿಟ್ಟ.

ಊದಿನಕಡ್ಡಿಯ ಬಿದಿರು ತುಂಡಿನಿಂದ ಆ ಬಳೆಯನ್ನು ಒಂದೊಂದೇ ಕೂದಲೆಳೆಯಷ್ಟು ಹೊರಗೆ ನೂಕಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಹುಸೇನ್ ಸಾಗರವನ್ನು ಚಮಚದಿಂದ ಖಾಲಿ ಮಾಡಬಹುದಿತ್ತು. ಬಂತು, ಇಡಿಯಾಗಿ. ಗರಗಸ ತಿಂದಷ್ಟು ಸಣ್ಣದಾಗಿದ್ದರಿಂದ ಹೊರಗಡೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿದೆವು, ಅಂಚಿನಲ್ಲಿ ವೈರ್ ಇಳಿಯಲು ಅರದಿಂದ ಒಂದು ಕಚ್ಚು ಮಾಡಿದೆವು. ಪ್ಲಗ್ಗು ಇಳಿಯಿತು. ಬಳೆ ಒತ್ತಿದರೆ ಗಟ್ಟಿ ಕೂತಿತು.

ಮರುದಿನ ಐದಕ್ಕೆ ಲ್ಯಾಂಪು ಹಚ್ಚಿ ಕೂತೆ. ಅಜ್ಜ ಗ್ಲಾಸು ತಂದ. ಬಳೆಯ ಅಂಚಿಗೆ ಟಿಣಿ ಟಿಣಿ ಎಂದು ನಾಲ್ಕು ಸಲ ಬಡಿದು ಕೊನೆಗೆ ಇಳಿಯಿತು. ಅಜ್ಜ ಕೈ ಬಿಟ್ಟ. ಗ್ಲಾಸು ಅಲ್ಲಾಡಲಿಲ್ಲ. ಬಗ್ಗಿ ಸ್ಟ್ರಾದಿಂದ ಕುಡಿದ, ನಿಧಾನವಾಗಿ, ತಳ ಬರುವ ತನಕ.

"ಕಣ್ಣ ನೋಡ ನಿನ್ನವು, ಟಮಾಟಿ ಆಗ್ಯಾವ," ಎಂದ. "ಹತ್ತ ನಿಮಿಷ ಮಕ್ಕೋ."

"ಅವ್ವಗ ಸಪ್ಪಳ ಕೇಳಬೇಕಲ್ಲ ಅಜ್ಜಾ."

ಅವನು ನನ್ನ ಫಿಸಿಕ್ಸ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ. ಡೆಸ್ಕಿನ ಮೇಲೆ ತಲೆಯಿಟ್ಟೆ. ಕಿವಿಯ ಪಕ್ಕದಲ್ಲೇ ಗ್ಲಾಸಿನಿಂದ ಬಿಡುವಾದ ಅಜ್ಜನ ಕೈ ಹಾಳೆ ಹಿಡಿದು ಪಟಪಟ ಸಪ್ಪಳ ಮಾಡುತ್ತ ನಡುಗುತ್ತಿತ್ತು, ಜಗತ್ತಿನ ಅತ್ಯಂತ ಶ್ರದ್ಧಾವಂತ ವಿದ್ಯಾರ್ಥಿಯ ಹಾಗೆ.