ಬಳಸಬಹುದು, ಬಳಸಬಾರದು

ಮೂರು ವರ್ಷಗಳ ಹಿಂದೆ ನಾನು ಮನೆ ಕಟ್ಟುವ, ದುರಸ್ತಿ ಮಾಡುವ ಸಾಮಗ್ರಿಗಳ ಮಳಿಗೆಗಳನ್ನು ನಡೆಸುವ ಕಂಪನಿಯೊಂದರಲ್ಲಿ ತರಬೇತಿ ಮ್ಯಾನೇಜರ್ ಆಗಿದ್ದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸಿಬ್ಬಂದಿ ಮೊಬೈಲ್ ಆ್ಯಪ್‌ನಲ್ಲಿ ಪಾಠ ನೋಡಿ, ಕೊನೆಯಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಪಾಠಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿದ್ದವು. ಅವುಗಳಿಗೆ ಒಪ್ಪಿಗೆ ಕೊಡುವುದು ನನ್ನ ಕೆಲಸ. ಸಿಬ್ಬಂದಿಯಲ್ಲಿ ಒಬ್ಬರು ಪಾಸಾಗದೆ ಬಾಕಿಯಿದ್ದರೂ ನನಗೆ ನೆಮ್ಮದಿ ಇರುತ್ತಿರಲಿಲ್ಲ.

ಟೈಲ್ಸ್ ಕ್ಲೀನರ್ ಪಾಠವನ್ನು ಎಲ್ಲರೂ ಎರಡೇ ದಿನದಲ್ಲಿ ಮುಗಿಸಿದರು, ದೊಡ್ಡಬಳ್ಳಾಪುರದ ಮಳಿಗೆಯ ನಾಗರತ್ನ ಒಬ್ಬರನ್ನು ಬಿಟ್ಟು. ಸುರಕ್ಷತೆಯ ಪಾಠವಾದ್ದರಿಂದ ಒಂದು ಉತ್ತರ ತಪ್ಪಿದರೂ ಫೇಲ್. ಆಕೆ ನಾಲ್ಕು ಸಲವೂ ಏಳನೆಯ ಪ್ರಶ್ನೆಯಲ್ಲೇ ತಪ್ಪಿದ್ದರು. ಮೂರನೆಯ ದಿನ ಬೆಳಿಗ್ಗೆಯೇ ಮಳಿಗೆಗೆ ಹೋಗಿ ಎಲ್ಲರೆದುರೇ ಆಕೆಯನ್ನು ಗದರಿದೆ. "ಪಾಠ ನೋಡ್ತೀರೋ ಇಲ್ವೋ?"

"ನೋಡಿದ್ದೀನಿ ಮೇಡಂ. ಆ್ಯಸಿಡ್ ಕ್ಲೀನರ್ ಜೊತೆ ಬ್ಲೀಚಿಂಗ್ ಪೌಡರ್ ಬಳಸಬಹುದು ಅಂತಿದೆ. ನಮ್ಮಪ್ಪ ಮಗ್ಗದ ನೂಲಿಗೆ ಬಣ್ಣ ಹಾಕ್ತಿದ್ರು. ಒಂದ್ಸಲ ಅವೆರಡೂ ಸೇರಿ ಎದ್ದ ಹೊಗೆಗೆ ವಾರಗಟ್ಲೆ ಮಲಗ್ಬಿಟ್ರು. ನಾನು ಹೆಂಗೆ 'ಸರಿ' ಅಂತ ಒತ್ಲಿ?"

ಅಲ್ಲೇ ಫೋನ್ ತೆರೆದು ಇಂಗ್ಲಿಷ್ ಪಾಠದೊಂದಿಗೆ ಹೋಲಿಸಿದೆ. 'ಬಳಸಬಾರದು' ಎಂದಿರಬೇಕಾದಲ್ಲಿ 'ಬಳಸಬಹುದು' ಎಂದಿತ್ತು. ನಾನೇ ಒಪ್ಪಿಗೆ ಕೊಟ್ಟಿದ್ದ ಪಾಠ.

"ಇದನ್ನ ಗಿರಾಕಿಗೆ ಯಾರಾದ್ರೂ ಹೇಳಿದ್ದೀರಾ?"

ಎಲ್ಲರಿಗಿಂತ ಮೊದಲು ಪಾಸಾಗಿದ್ದ ಸೇಲ್ಸ್‌ಮನ್ ಮಂಜುನಾಥ ಮೆಲ್ಲಗೆ ಹೇಳಿದ. "ನಿನ್ನೆ ಒಬ್ರಿಗೆ ಎರಡೂ ಕೊಟ್ಟೆ ಮೇಡಂ. ಮಾಕಳಿದುರ್ಗದ ಹತ್ರ ಹೊಸ ಮನೆ. ಸೇರ್ಸಿ ಹಾಕಿ, ಸಿಮೆಂಟ್ ಕಲೆ ಬೇಗ ಹೋಗುತ್ತೆ ಅಂದೆ."

ಬಿಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಪಾಠವನ್ನು ತಕ್ಷಣ ತೆಗೆಸಿ, ಉಳಿದ ಮಳಿಗೆಗಳಿಗೂ ತಿಳಿಸಿ, ಬಿಲ್ಲಿನ ವಿಳಾಸ ಹಿಡಿದು ನಾಗರತ್ನ, ಮಂಜುನಾಥ, ನಾನು ಮೂವರೂ ಕಾರು ಹತ್ತಿದೆವು. ದಾರಿಯಲ್ಲಿ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ನಾನು ಕಾರಿನಿಂದ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಗಿರಾಕಿಯ ಫೋನ್ ರಿಂಗಾಗುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ.

ನಾವು ತಲುಪಿದಾಗ ಮನೆಯೊಡತಿ ಸರೋಜಮ್ಮ ಹೊರಗೆ ಮರಳಿನ ಗುಡ್ಡೆಯ ಮೇಲೆ ಕೂತು ಒಂದೇ ಸಮನೆ ಕೆಮ್ಮುತ್ತಿದ್ದರು. ಕಣ್ಣು ಕೆಂಪಾಗಿತ್ತು. ಬಚ್ಚಲಲ್ಲಿ ಎರಡನ್ನೂ ಬೆರೆಸಿ ಸುರಿದೊಡನೆ ಗಂಟಲು ಹಿಡಿದು ಓಡಿಬಂದಿದ್ದರಂತೆ. ಒಳಗೆ ಬಿಟ್ಟ ಫೋನ್ ತರಲು ಎದ್ದವರನ್ನು ನಾಗರತ್ನ ತೋಳು ಹಿಡಿದು ಕೂರಿಸಿದರು. ನಾವೇ ಆಸ್ಪತ್ರೆಗೆ ಕರೆದೊಯ್ದೆವು.

ಕಾರಿನಲ್ಲಿ ಸರೋಜಮ್ಮ ಮಂಜುನಾಥನನ್ನು ಕೇಳಿದರು. "ನೀನೇ ಅಲ್ವೇನಪ್ಪಾ, ಸೇರ್ಸಿ ಹಾಕಿ ಅಂದಿದ್ದು?"

"ಅವರ ತಪ್ಪಲ್ಲಮ್ಮ," ಎಂದೆ. "ಅವರಿಗೆ ಹಾಗೆ ಕಲಿಸಿದ್ದು ನಾನು."

ಸಂಜೆ ಡಾಕ್ಟರು ಅಪಾಯವಿಲ್ಲವೆಂದು ಮನೆಗೆ ಕಳಿಸಿದ ಮೇಲಷ್ಟೇ ನನಗೆ ಉಸಿರು ಬಂತು. ಮರುದಿನ ಮಳಿಗೆಯಲ್ಲಿ ಎಲ್ಲರೆದುರೇ ನಾಗರತ್ನ ಅವರ ಕ್ಷಮೆ ಕೇಳಿದೆ. ಹೆಡ್ ಆಫೀಸಿಗೆ ಬರೆದ ವರದಿಯಲ್ಲಿ ತಪ್ಪನ್ನು ನನ್ನ ಹೆಸರಿಗೇ ಬರೆದುಕೊಂಡೆ. ಆಮೇಲೆ ಯಾವ ಪಾಠವೂ ನಾಗರತ್ನ ಓದದೆ ಆ್ಯಪ್‌ಗೆ ಹೋಗಲಿಲ್ಲ.

ಮಂಜುನಾಥ ಮಾತ್ರ ಪ್ರತಿ ಹೊಸ ಪಾಠಕ್ಕೂ ಫೋನ್ ಮಾಡಿ ಕೇಳುತ್ತಿದ್ದ. "ಮೇಡಂ, ಇದನ್ನ ನೀವೇ ಓದಿದ್ದೀರಾ?"

ಓದಿರುತ್ತಿದ್ದೆ. ಆದರೂ 'ಹೌದು' ಎನ್ನುವ ಮೊದಲು ಇನ್ನೊಮ್ಮೆ ಓದುವುದನ್ನು ಆ ಕೆಲಸ ನನಗೆ ಕಲಿಸಿತು.