ಅಮಾವಾಸ್ಯೆಗೆ ಬರುತ್ತಿದ್ದ ಎದೆನೋವು

1996ರಲ್ಲಿ ನಾನು ಬಸವಕಲ್ಯಾಣ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಕೂಲಿಕಾರರ ಮನೆಯಲ್ಲಿ ಹುಟ್ಟಿ ಎಂ.ಬಿ.ಬಿ.ಎಸ್. ಮುಗಿಸಿದವನು, ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿಗೆ ಹೋದವರಿಲ್ಲ. ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಸಂಜೆ ನರ್ಸು, ಕಂಪೌಂಡರು ತಮ್ಮೂರಿನ ಬಸ್ಸು ಹಿಡಿದರೆ ಕ್ವಾರ್ಟರ್ಸಿನಲ್ಲಿ ನಾನೊಬ್ಬನೇ. ಅನುಮಾನ ಬಂದರೆ ಕೇಳಲು ಇನ್ನೊಬ್ಬ ಡಾಕ್ಟರಿಲ್ಲ, ಫೋನೂ ಇಲ್ಲ.

ಯುಗಾದಿಗೆ ಕೆಲವು ದಿನ ಮೊದಲು ನಾಗಪ್ಪ ಬಂದ. ನಲವತ್ತರ ಗಟ್ಟಿ ಆಳು. ಬಾವಿ ತೋಡುವ ತಂಡದಲ್ಲಿ ಕಲ್ಲಿನ ತೂತಿಗೆ ಜಿಲೆಟಿನ್ ಕಡ್ಡಿ ತುಂಬಿ ಸಿಡಿಸುವವನು.

"ಸಾಬ್ರ, ಅಮಾಸಿ ಬಂತಂದ್ರ ಎದಿಮ್ಯಾಗ ಬಂಡಿ ಹೇರಿದಂಗ ಆಗ್ತದರಿ. ಮೂರು ಅಮಾಸಿ ಆತು. ಗಾಳಿ ಹಿಡದದಂತ ಊರಾಗ ನನ್ನ ಬಾಜೂಕ ಯಾರೂ ಕೂಡವಲ್ರು."

ಹುಮನಾಬಾದಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಇಸಿಜಿ ಮಾಡಿಸಿದೆ. ಎಲ್ಲ ಸರಿ ಇತ್ತು. ಅದನ್ನು ಹೇಳಿದಾಗ ಅವನ ಹೆಂಡತಿ ಕಾಶಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಂದಿ ದುಡದು ಸಾಯ್ತಾರ್ರಿ. ಇವರು ಸೂಟಿ ಮಾಡಿ ಮನ್ಯಾಗ ಕುಂತು ಸಾಯಾಕತ್ತಾರ. ಕೆಲಸಕ್ಕ ಹೋದ್ರಂದ್ರ ಮತ್ತ ಹುಲಿ!"

"ಎಲ್ಲೀ ಹುಲಿ? ಸೂಟಿ ಮುಗಿಸಿ ಹೋದ ಪಹಿಲೇ ದಿನ ತಲಿ ಸಿಡೀತದ," ಎಂದ ನಾಗಪ್ಪ.

ಆಗ ಹೊಳೆಯಿತು. ಅಮಾವಾಸ್ಯೆಗೆ ಬಾವಿಯ ಕೆಲಸ ಬಂದ್. ನೋವು ಕತ್ತಲೆಯದಲ್ಲ, ರಜೆಯದು. ಆ ಕಾಲದ ಜಿಲೆಟಿನ್ನಿನಲ್ಲಿ ನೈಟ್ರೋಗ್ಲಿಸರಿನ್ ಇರುತ್ತಿತ್ತು. ಬರಿಗೈಯಲ್ಲಿ ಮುಟ್ಟಿದರೆ ಚರ್ಮದಿಂದ ಒಳಗಿಳಿದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಈ ಅನಿಲವನ್ನು ನಮ್ಮ ರಕ್ತನಾಳಗಳ ಒಳಪದರವೇ ಸ್ವಲ್ಪಸ್ವಲ್ಪವಾಗಿ ತಯಾರಿಸುತ್ತದೆ. ನಾಳ ಸಡಿಲಾಗುವುದು ಅದರಿಂದಲೇ. ಹೊರಗಿನಿಂದ ದಿನವೂ ಸಿಕ್ಕರೆ ದೇಹ ಅದಕ್ಕೇ ಒಗ್ಗಿಹೋಗುತ್ತದೆ. ತಟ್ಟನೆ ನಿಂತರೆ ಹೃದಯದ ನಾಳಗಳು ಬಿಗಿಯುತ್ತವೆ. ಮತ್ತೆ ಮುಟ್ಟಿದ ದಿನ ತಲೆನೋವು. ಔಷಧಶಾಸ್ತ್ರದ ಪುಸ್ತಕದಲ್ಲಿ ಸಿಡಿಮದ್ದಿನ ಕಾರ್ಖಾನೆಯ ಕೆಲಸಗಾರರ ಬಗ್ಗೆ ಎರಡು ಸಾಲು ಓದಿದ್ದೆ. ಅಂಥವರಲ್ಲಿ ಕೆಲವರು ರಜೆಯಲ್ಲೇ ಸತ್ತಿದ್ದರು.

ಯುಗಾದಿಗೆ ನಾಲ್ಕು ದಿನ ರಜೆ. ನನಗೆ ಹೆದರಿಕೆ ಹತ್ತಿತು. ಕೇಂದ್ರದಲ್ಲೇ ಉಳಿದುಕೋ ಎಂದೆ.

"ಹಬ್ಬಕ್ಕ ದವಾಖಾನ್ಯಾಗ ಮಲಗಿದ್ರ ಮಂದಿ ನಗ್ತಾರ್ರಿ."

"ಹ್ಯಾಂಗೂ ಯಾರೂ ಬಾಜೂಕ ಕೂಡವಲ್ರಂತಿ. ನಾ ಕೂಡ್ತೀನಿ, ಬಾ."

ಅಮಾವಾಸ್ಯೆಯ ಸಂಜೆ ಕಾಶಮ್ಮ ಹೋಳಿಗೆ ಕೊಟ್ಟು ಮಕ್ಕಳಿಗಾಗಿ ಮನೆಗೆ ಹೋದಳು. ಇಡೀ ಕಟ್ಟಡದಲ್ಲಿ ನಾವಿಬ್ಬರೇ. ಪಾಡ್ಯದ ಬೆಳಗಿನ ಜಾವ ನಾಗಪ್ಪ ಎದೆ ಹಿಡಿದು ಎದ್ದು ಕೂತ. ಮೈಯೆಲ್ಲ ತಣ್ಣನೆ ಬೆವರು. ನಾಲಿಗೆಯ ಕೆಳಗೆ ಐಸೊಸಾರ್ಬೈಡ್ ಗುಳಿಗೆ ಇಟ್ಟೆ. ಅದೂ ನೈಟ್ರೋಗ್ಲಿಸರಿನ್ನಿನ ಸಂಬಂಧಿಯೇ. ನನ್ನ ಲೆಕ್ಕ ತಪ್ಪಿದ್ದರೆ ಹುಮನಾಬಾದ್ ಮುಟ್ಟುವುದರೊಳಗೆ ಅವನು ಉಳಿಯುತ್ತಿರಲಿಲ್ಲ. ಅವನ ಕೈ ಹಿಡಿದೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಬಿಗಿದ ಹಲ್ಲು ಸಡಿಲಾಯಿತು.

"ಬಂಡಿ ಇಳೀತ್ರಿ," ಎಂದ.

ಸಿಡಿಮದ್ದಿನ ಕೆಲಸ ಬಿಡಿಸಿದೆ. ಅದೇ ಗುಳಿಗೆಯನ್ನು ಕೆಲವು ದಿನ ಕೊಟ್ಟು ನಿಧಾನಕ್ಕೆ ಕಡಿಮೆ ಮಾಡಿದೆ. ಮುಂದಿನ ಅಮಾವಾಸ್ಯೆಗಳು ಸುಮ್ಮನೆ ಕಳೆದವು. ಗಾಳಿ ಸೂಜಿಗೆ ಹೆದರಿ ಓಡಿತು ಎಂದು ಊರವರು ತೀರ್ಮಾನಿಸಿದರು. ನಾಗಪ್ಪನ ಕಟ್ಟೆಗೆ ಮತ್ತೆ ಮಂದಿ ಬರತೊಡಗಿದರು. ನನಗೆ ಅಷ್ಟು ಸಾಕಿತ್ತು.

1998ರಲ್ಲಿ ನೈಟ್ರಿಕ್ ಆಕ್ಸೈಡಿನ ಸಂಶೋಧನೆಗೆ ನೊಬೆಲ್ ಬಂದ ಸುದ್ದಿಯನ್ನು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಓದಿದೆ. ಎದೆ ಉಬ್ಬಿತು. ಯಾರಿಗಾದರೂ ಹೇಳಬೇಕೆಂದು ಪಕ್ಕದವರತ್ತ ತಿರುಗಿದೆ. "ಚಿಟಗುಪ್ಪಾ ಗಾಡಿ ಹೋತೇನ್ರಿ?" ಎಂದು ಅವರೇ ಕೇಳಿದರು. ಇನ್ನೂ ಇಲ್ಲ ಎಂದು ಪೇಪರ್ ಮಡಿಚಿದೆ.

ನೋವು ಎಲ್ಲಿ, ಯಾವಾಗ ಎಂದು ಕೇಳುವುದನ್ನು ಕಾಲೇಜು ಕಲಿಸಿತ್ತು. ಯಾವ ದಿನ ನೀನು ಚೆನ್ನಾಗಿರುತ್ತೀ, ಅವತ್ತು ಏನು ಮಾಡುತ್ತಿರುತ್ತೀ ಎಂದು ಕೇಳುವುದನ್ನು ನೌಕರಿ ಕಲಿಸಿತು. ಉತ್ತರವನ್ನು ಹಲವು ಸಲ ಮನೆಯವರೇ ಕೊಡುತ್ತಾರೆ, ಅದೂ ಬೈಗುಳದ ನಡುವೆ.