ಉರುಸಿಗೆ ಹೊರಟ ಬಸ್ಸು

ಶಮಶಾದಬಿಗೆ ಹಾವು, ಚೇಳು, ಸೊಸೆ ಯಾರ ಹೆದರಿಕೆಯೂ ಇಲ್ಲ. ಟ್ಯಾಬ್ ಹಿಡಿದು ನಗುನಗುತ್ತ ಬರುವವರನ್ನು ಕಂಡರೆ ಮಾತ್ರ ಎದೆ ಡವಡವ. ರೇಶನ್ ಕಾರ್ಡು ಕಸಿದುಕೊಂಡು ಹೋದವರೂ ಹೀಗೇ ನಗುತ್ತ ಬಂದಿದ್ದರು.

ಆಕೆಗೆ ಇಂಡಿ ಪಟ್ಟಣದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ತನ್ನೂರು ಹೊರ್ತಿಯಿಂದ ಮುಂಜಾನೆಯ ಮೊದಲ ಬಸ್ಸು ತಪ್ಪಿದರೆ ಅಂದಿನ ಒಲೆ ಬೇರೆಯವರ ಪಾಲು. ಹೆಂಗಸರಿಗೆ ಟಿಕೇಟು ಪುಕ್ಕಟೆಯಾದ ಮೇಲಂತೂ ಅದರಲ್ಲಿ ಕಾಲಿಡಲು ಜಾಗವಿಲ್ಲ. ಆಕೆಯ ಉರ್ದುವಿನಲ್ಲಿ ‘ಬಸ್’ ಅಂದರೆ ಸಾಕು ಅಂತ. ಎಷ್ಟಿದ್ದರೂ ಸಾಕಾಗದ ವಸ್ತುವಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ!

ಹೋದ ವಾರ ಶ್ರೀವಲ್ಲಭ ಎಂಬ ಸರ್ವೆಯವನು ಹೊರ್ತಿಯ ಬಸ್ ನಿಲ್ದಾಣಕ್ಕೆ ಬಂದ. “ಅಮ್ಮಾ, ವಾರಕ್ಕ ಎಷ್ಟು ಸಲ ಬಸ್ಸಿಗೆ ಹೋಗ್ತೀರಿ?”

ಬಹಳ ಸಲ ಅಂದರೆ ಪುಕ್ಕಟೆ ಬಂದ್! ಶಮಶಾದಬಿ ತಟ್ಟನೆ ಅಂದಳು, “ವಾರ ಎಲ್ಲೀದ್ರಿ ಯಪ್ಪಾ? ವರ್ಷಕ್ಕೊಮ್ಮೆ ದರ್ಗಾದ ಉರುಸಿಗೆ ಹೋಗ್ತೇನಿ, ಅಷ್ಟ.”

ಹಿಂದಿದ್ದವರೆಲ್ಲ ಅದನ್ನೇ ಹೇಳಿದರು. ಅಂಗನವಾಡಿಯ ತುಳಸೀಬಾಯಿ ಮಾತ್ರ ಉರುಸು ತೆಗೆದು ಆಷಾಢ ಏಕಾದಶಿ ಹಾಕಿದರು.

ಸುದ್ದಿ ಕೇಳಿದ ಕಂಡಕ್ಟರ್ ಯಂಕಪ್ಪ ಹಣೆ ಬಡಿದುಕೊಂಡ. “ಎಂಥಾ ಕೆಲಸ ಮಾಡಿದಿಬೇ! ಈ ಸರ್ವೆ ಮ್ಯಾಲನ ಮುಂದಿನ ಇಪ್ಪತ್ತು ವರ್ಷ ಯಾವ ರಸ್ತಾ ಅಗಲ ಮಾಡಬೇಕು, ಯಾವ ಊರಿಗೆ ಬಸ್ ಬಿಡಬೇಕು, ರೊಕ್ಕ ಎಲ್ಲಿ ಹಾಕಬೇಕು ಅಂತ ಪ್ಲಾನ್ ಮಾಡಾಕತ್ತಾರ. ಮಂದಿನ ಇಲ್ಲಂದ್ರ ಈ ಗಾಡಿ ಯಾರಿಗೆ ಬಿಡ್ತಾರ?”

ಅಂದು ಖಾನಾವಳಿಯಲ್ಲಿ ರೊಟ್ಟಿ ಹೊತ್ತಿದ್ದೇ ಹೊತ್ತಿದ್ದು. ನಾಳಿನ ಹಿಟ್ಟಿನಾಚೆಗೆ ಯಾವತ್ತೂ ಯೋಜನೆ ಹಾಕದವಳು ಒಂದೇ ಮಾತಿನಲ್ಲಿ ಊರಿನ ಇಪ್ಪತ್ತು ವರ್ಷ ಹಾಳು ಮಾಡಿದ್ದಳು. ಮೊಮ್ಮಗಳು ನಿಷತ ಮುಂದೆ ಕಾಲೇಜಿಗೆ ಯಾತರಲ್ಲಿ ಹೋಗಬೇಕು?

ಸಂಜೆ ಇಂಡಿಯ ನಿಲ್ದಾಣದಲ್ಲಿ ಶ್ರೀವಲ್ಲಭ ಸಿಕ್ಕ. ನಿಜ ಹೇಳಲು ನಾಲಿಗೆ ಏಳಲಿಲ್ಲ. “ಸಾಹೇಬ್ರ, ನಾಳೆ ನಮ್ಮ ಮುಂಜಾನಿ ಬಸ್ಸಿಗೆ ಒಮ್ಮೆ ಬರ್ರಿ” ಅಂದಳು.

“ಹೊರ್ತಿ ಲೆಕ್ಕ ಮುಗಿದದಲ್ರಿ.”

“ಒಮ್ಮೆ, ಯಪ್ಪಾ.”

ಆತ ಬಂದ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಯಾರದೋ ಬುಟ್ಟಿಯಲ್ಲಿ. ಹೇಗೋ ನೆಟ್ಟಗಾಗಿ ಬಸ್ಸಿನ ತುಂಬ ಕಣ್ಣಾಡಿಸಿದ.

“ಇವರೆಲ್ಲಾ ಉರುಸಿಗೆ ಹೊಂಟಾರೇನ್ರಿ?”

ಎಲ್ಲರ ಕಣ್ಣೂ ಶಮಶಾದಬಿಯ ಮೇಲೆ. ತುಳಸೀಬಾಯಿ ಹಿಂದಿನಿಂದ ಚಿವುಟಿದರು. “ಸುಮ್ನಿರ ಶಮಶಾದ, ಟಿಕೇಟು ಹೋಗ್ತದ.”

ಹೇಳಿದರೆ ಪುಕ್ಕಟೆ ಟಿಕೇಟು ಹೋಯಿತು, ಹೇಳದಿದ್ದರೆ ಬಸ್ಸೇ ಹೋಯಿತು. ಗುಂಪಿನಲ್ಲಿ ಅಡಗಲು ನೋಡಿದಳು. ಅಡಗಲೂ ಜಾಗವಿರಲಿಲ್ಲ.

“ದಿನಾ ಹೋಗ್ತೇನ್ರಿ,” ಅಂದಳು. “ಅವತ್ತ ಸುಳ್ಳ ಹೇಳಿದೆ. ನನ್ನ ಹೆಸರ ಬರಕೋರಿ, ಇವರ್ದು ಬ್ಯಾಡ.”

“ಹೆಸರು ಬ್ಯಾಡ್ರಿ ಅಮ್ಮಾ, ಎಣಿಕಿ ಅಷ್ಟ ಸಾಕು,” ಎಂದು ಆತ ನಕ್ಕ.

ಆ ನಗುವಿನ ಮೇಲೇ ಆಕೆಗೆ ನಂಬಿಕೆ ಬರಲಿಲ್ಲ.

ಬಸ್ಸು ಒಂದು ಗುಂಡಿ ಹಾರಿತು. “ನಾನೂ ದಿನಾನ ರೀ…” ತುಳಸೀಬಾಯಿಯವರ ಸಣ್ಣ ದನಿ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಶ್ರೀವಲ್ಲಭನ ಬೆರಳು ಟ್ಯಾಬಿನ ಮೇಲೆ ಓಡತೊಡಗಿತು.

ಇಂಡಿಯಲ್ಲಿ ಇಳಿದಾಗ ಶಮಶಾದಬಿಯ ಮುಷ್ಟಿಯೊಳಗಿನ ಪುಕ್ಕಟೆ ಟಿಕೇಟು ಬೆವರಿಗೆ ಮುದ್ದೆಯಾಗಿತ್ತು. ಬಿಸಾಡಲು ಹೋದವಳು ಕೈ ತಡೆದಳು. ಇದೇ ಕಡೆಯದ್ದಾದರೆ? ಮೆಲ್ಲಗೆ ಬಿಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಲೆಯತ್ತ ಓಡಿದಳು.